ಸೋಮಾರಿ ಮರದ ಕೆಳಗೆ

ಲಾರೆನ್ಸ್ ಡರೆಲ್‌ನ ‘ಬಿಟರ್ ಲೆಮನ್ಸ್’ ನಾನು ಮೊದಲು ಓದಿದ್ದು ಪುಣೆಗೆ ಬಂದ ಹೊಸತರಲ್ಲಿ. ಆಗ ನನಗೆ ಅದೊಂದು ರಜೆಯ ಪುಸ್ತಕ. ಸೈಪ್ರಸ್ಸಿನ ಉತ್ತರ ಕರಾವಳಿಯುದ್ದಕ್ಕೂ ಚಾಚಿದ ಕಿರೀನಿಯಾ ಬೆಟ್ಟಸಾಲು, ಅದರ ಮಗ್ಗುಲಲ್ಲಿ ಬೆಲ್ಲಪೈಸ್ ಎಂಬ ಹಳ್ಳಿ, 13ನೇ ಶತಮಾನದ ಪಾಳು ಮಠ, ಕೆಳಗೆ ಮೆಡಿಟರೇನಿಯನ್ ಸಮುದ್ರ. ಮಠದ ಹತ್ತಿರದ ಕಾಫಿ ಅಂಗಡಿಯ ಮುಂದೆ ಒಂದು ಮರ. ಅದರ ನೆರಳಲ್ಲಿ ಕೂತವರಿಗೆ ಆಮೇಲೆ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲವಂತೆ. ವಾರಕ್ಕೆ ಆರು ದಿನ ದುಡಿಯುತ್ತಿದ್ದ ನನಗೆ ಆ ಮರವೊಂದೇ ಸಾಕಾಗಿತ್ತು. ಪುಸ್ತಕದ ಉತ್ತರಾರ್ಧವನ್ನು ಸುಮ್ಮನೆ ಹಾಳೆ ಮಗುಚಿ ಮುಗಿಸಿದ್ದೆ.

ಮತ್ತೆ ತೆಗೆದದ್ದು ಕಳೆದ ಬೇಸಿಗೆ, ಕೊಪ್ಪದ ಕಡೆಯ ನಮ್ಮೂರಿಗೆ ನಾಲ್ಕು ದಿನ ಹೋಗಿ ಬಂದ ಮೇಲೆ. ಸಂಜೆ ಜಗಲಿಯಲ್ಲಿ ಕಾಲು ಚಾಚಿ ಕೂತು, ‘ಎಷ್ಟು ನೆಮ್ಮದಿ ಇಲ್ಲಿ’ ಅಂದೆ. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, ‘ಇದನ್ನ ನೋಡಕ್ಕೆ ಬೆಂಗ್ಳೂರಿನೋರು ಹೋಂಸ್ಟೇಗೆ ದುಡ್ಡು ಕೊಡ್ತಾರೆ ಮಾರಾಯ, ನಿಂಗೆ ಪುಕ್ಸಟ್ಟೆ’ ಅಂದರು. ಅಡಿಕೆ ತೋಟಕ್ಕೆ ಬಡಿದ ಹಳದಿ ಎಲೆ ರೋಗದ ಮಾತು ನಾಲ್ಕು ದಿನವೂ ಆ ಜಗಲಿಯಲ್ಲೇ ನಡೆದಿತ್ತು. ನಾನೂ ಅಲ್ಲೇ ಇದ್ದೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಡರೆಲ್ ಹುಟ್ಟಿದ್ದು 1912ರಲ್ಲಿ, ನಮ್ಮ ಜಲಂಧರದಲ್ಲಿ. ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಕಳಿಸಿದರು, ಅದು ಅವನಿಗೆ ಒಗ್ಗಲಿಲ್ಲ. 1953ರಲ್ಲಿ ಸೈಪ್ರಸ್ಸಿಗೆ ಬಂದು ಬೆಲ್ಲಪೈಸ್‌ನಲ್ಲಿ ಹಳೇ ಮನೆಯೊಂದನ್ನು ಕೊಂಡ. ಮನೆ ಕೊಳ್ಳುವ ಅಧ್ಯಾಯ ಬಹಳ ಪ್ರಸಿದ್ಧ. ದಲ್ಲಾಳಿ ಸಬ್ರಿ ಎಂಬ ತುರ್ಕಿ. ಮನೆ ಜೋಡು ಹೊಲಿಯುವವನ ಹೆಂಡತಿಯದು. ಮೇಜಿನ ಮೇಲಿನ ದೊಡ್ಡ ಬೀಗದ ಕೈಗಾಗಿ ಇಬ್ಬರೂ ನಡೆಸುವ ಜಗ್ಗಾಟ. ನಗದೆ ಓದಲಾಗುವುದಿಲ್ಲ, ಈ ಸಲವೂ ನಕ್ಕೆ. ಆದರೆ ಆ ಹೆಂಗಸಿಗೆ ಮನೆ ಮಾರುವ ಅಗತ್ಯ ಯಾಕೆ ಬಂತೆಂದು ಅಧ್ಯಾಯಕ್ಕೆ ಆಸಕ್ತಿಯಿಲ್ಲ. ಅವಳ ಕೂಗಾಟ ನಮಗೆ ನಾಟಕವಾಗಿಯಷ್ಟೇ ಸಿಗುತ್ತದೆ.

ಡರೆಲ್‌ಗೆ ಊರಿನ ಭಾಷೆ ಗೊತ್ತಿರಲಿಲ್ಲ ಎಂದು ತಳ್ಳಿಹಾಕುವಂತಿಲ್ಲ. ಅವನು ಗ್ರೀಕ್ ಬಲ್ಲವನು. ಊರವರ ಜೊತೆ ಕುಡಿದ, ತಮಾಷೆ ಮಾಡಿದ, ನಿಕೋಸಿಯಾದ ಶಾಲೆಯಲ್ಲಿ ಅವರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ. (ಹತ್ತು ವರ್ಷ ಪುಣೆಯಲ್ಲಿದ್ದೂ ತರಕಾರಿ ಕೊಳ್ಳುವಷ್ಟೇ ಮರಾಠಿ ಕಲಿತ ನನ್ನಂಥವನು ಇಲ್ಲಿ ತಲೆ ತಗ್ಗಿಸಬೇಕು.) ತೊಡಕು ಇರುವುದು ಅವನ ಕಿವಿಯಲ್ಲಿ. ಇಂಗ್ಲಿಷರ ಮೇಲೆ ನಮಗೆ ಪ್ರೀತಿ ಎಂದು ಊರವರು ಅಂದರೆ ಅದು ಅವನಿಗೆ ಹೃದಯದ ಮಾತು. ಗ್ರೀಸಿನೊಂದಿಗೆ ಸೇರಬೇಕು ಎಂದರೆ ಅದು ಹಳೆಯದೊಂದು ಕನಸಿನ ಅಮಲು. ಅವನು ಬರುವ ಮೂರು ವರ್ಷ ಮೊದಲೇ, 1950ರ ಜನವರಿಯಲ್ಲಿ ಚರ್ಚು ನಡೆಸಿದ ಮತಗಣನೆಯಲ್ಲಿ, ಮತ ಹಾಕಿದ ಗ್ರೀಕ್ ಸೈಪ್ರಿಯಟರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಆ ‘ಅಮಲಿ’ಗೇ ಸಹಿ ಹಾಕಿದ್ದರು.

1954ರಲ್ಲಿ ಡರೆಲ್ ವಸಾಹತು ಸರಕಾರದ ಪತ್ರಿಕಾ ವಿಭಾಗದ ಹುದ್ದೆ ಹಿಡಿದ. 1955ರ ಏಪ್ರಿಲ್ 1ರಂದು ಬಾಂಬುಗಳು ಸಿಡಿದವು. ಇದು ರಾಜಕೀಯ ಪುಸ್ತಕವಲ್ಲ ಎಂದು ಮುನ್ನುಡಿಯಲ್ಲೇ ಹೇಳಿಕೊಳ್ಳುವ ಲೇಖಕ ಸರಕಾರದ ಸಂಬಳದಲ್ಲಿದ್ದವನು ಎಂಬುದನ್ನು ಓದುಗ ಆಗಾಗ ತನಗೆ ತಾನೇ ನೆನಪಿಸಿಕೊಳ್ಳಬೇಕಾಗುತ್ತದೆ. ಅವನ ಗದ್ಯ ಅಷ್ಟು ಚಂದ. ಗ್ರೀಕರು ಮರೆಯಲಿಲ್ಲ. ರೋದಿಸ್ ರೂಫೋಸ್ 1960ರಲ್ಲಿ ‘ದಿ ಏಜ್ ಆಫ್ ಬ್ರಾಂಜ್’ ಬರೆದ. ಸೈಪ್ರಸ್ಸಿನವನೇ ಆದ ಕೋಸ್ತಾಸ್ ಮೋಂತಿಸ್ 1964ರಲ್ಲಿ ‘ಮುಚ್ಚಿದ ಬಾಗಿಲುಗಳು’ ಎಂಬ ಕಥನವನ್ನು ಡರೆಲ್‌ಗೆ ಉತ್ತರವಾಗಿಯೇ ಬರೆದ.

ಇಷ್ಟೆಲ್ಲ ಹೇಳಿಯೂ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಲು ನನಗೆ ಮನಸ್ಸಿಲ್ಲ. ಕಾರಣ ಕೊನೆಯ ಪುಟಗಳು. ದ್ವೀಪ ಬಿಡುವ ಮುನ್ನ ಅವನು ಊರಿಗೆ ಹೋಗುತ್ತಾನೆ. ಹಿಂದೆ ಕೂಗಿ ಕರೆಯುತ್ತಿದ್ದವರು ಈಗ ಮಾತಾಡುವುದಿಲ್ಲ. ಬೈಗುಳವೂ ಇಲ್ಲ, ಬರೀ ಮೌನ. ಇದನ್ನು ಸ್ನೇಹ ಮುರಿದ ದುಃಖವಾಗಿ ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. ಅಲ್ಲಿಯತನಕ ಆ ಊರಿನ ನಿಶ್ಶಬ್ದ ಅವನಿಗೆ ವಿಶ್ರಾಂತಿಯಾಗಿತ್ತು. ಆ ದಿನ ಮೊದಲ ಬಾರಿಗೆ ಅದು ಅವನನ್ನೇ ಉದ್ದೇಶಿಸಿ ಆಡಿದ ಮಾತಾಯಿತು. ಅದನ್ನು ಅಲಂಕರಿಸದೆ ಬರೆದದ್ದು ಅವನ ದೊಡ್ಡತನ.

1974ರಲ್ಲಿ ತುರ್ಕಿಯ ಸೇನೆ ಕಿರೀನಿಯಾದ ಬಳಿ ಇಳಿದ ಮೇಲೆ ಬೆಲ್ಲಪೈಸ್‌ನ ಗ್ರೀಕರು ಊರು ಬಿಟ್ಟು ದಕ್ಷಿಣಕ್ಕೆ ಹೋಗಬೇಕಾಯಿತು. ಪ್ರವಾಸಿಗರು ಈಗಲೂ ಆ ಪುಸ್ತಕ ಹಿಡಿದು ಬರುತ್ತಾರೆ. ಸೋಮಾರಿ ಮರ ಯಾವುದೆಂದು ಎರಡು ಮರಗಳ ನಡುವೆ ತಕರಾರಿದೆ. ಎರಡರ ಕೆಳಗೂ ಕುರ್ಚಿ ಹಾಕಿದ್ದಾರೆ.