ಆಟ ಕಟ್ಟಿದ್ದಾಯ್ತು, ಆಡಿ ನೋಡುವವರು ಯಾರು?

ಲೂಡಮ್ ಡೇರ್ ಎಂಬ ಗೇಮ್ ಜಾಮ್‌ನಲ್ಲಿ ಒಬ್ಬರೇ ಕೂತು ಆಟ ಕಟ್ಟುವವರಿಗೆ 48 ಗಂಟೆ, ತಂಡಗಳಿಗೆ 72 ಗಂಟೆ ಸಮಯ. ವಾರಾಂತ್ಯ ಶುರುವಾಗುವ ಹೊತ್ತಿಗೆ ವಿಷಯ ಪ್ರಕಟವಾಗುತ್ತದೆ. ಅಲ್ಲಿಂದ ನಿದ್ದೆಗೆಟ್ಟು ಕೋಡ್ ಬರೆಯುವುದು, ಚಿತ್ರ ಬಿಡಿಸುವುದು, ಬೊಂಬೆ ಜಿಗಿದಾಗ ‘ಟಣ್’ ಎನ್ನುವ ಸದ್ದು ಕೂಡಿಸುವುದು. ಈ ಭಾಗದ ಬಗ್ಗೆ ಬೇಕಾದಷ್ಟು ಬರಹಗಳಿವೆ, ವಿಡಿಯೊಗಳಿವೆ. ಅಷ್ಟಾಗಿ ಮಾತಿಗೆ ಬಾರದಿರುವುದು ಆಮೇಲಿನ ಸುಮಾರು ಮೂರು ವಾರ. ಆ ದಿನಗಳಲ್ಲಿ ಆಟ ಕಟ್ಟಿದವರೇ ಒಬ್ಬರದನ್ನು ಇನ್ನೊಬ್ಬರು ಆಡಬೇಕು, ಅಂಕ ಕೊಡಬೇಕು, ನಾಲ್ಕು ಮಾತು ಬರೆಯಬೇಕು. ಮೇಲೆ ಕೂತ ತೀರ್ಪುಗಾರರಿಲ್ಲ. ಗೆದ್ದವರಿಗೆ ಹಣವೂ ಇಲ್ಲ.

ಜೆಫ್ ಹೌಲ್ಯಾಂಡ್ 2002ರಲ್ಲಿ ಇದನ್ನು ಆರಂಭಿಸಿದಾಗ ಸೇರಿದ್ದವರು ಹದಿನೆಂಟು ಮಂದಿ. ಅಷ್ಟು ಜನರಿದ್ದರೆ ಎಲ್ಲರ ಆಟವನ್ನೂ ಎಲ್ಲರೂ ಒಂದೇ ಸಂಜೆಯಲ್ಲಿ ನೋಡಿ ಮುಗಿಸಬಹುದು, ನಿಯಮ ಯಾಕೆ ಬೇಕು? 2011ರ ಡಿಸೆಂಬರ್ ಹೊತ್ತಿಗೆ, ಅಂದರೆ 22ನೇ ಆವೃತ್ತಿಯಲ್ಲಿ, ಆಟಗಳ ಸಂಖ್ಯೆ ನೂರಾರಕ್ಕೆ ಏರಿತ್ತು. ಆ ಸಲದ ವಿಷಯ ‘ಒಂಟಿ’. ‘ಮೈನ್‌ಕ್ರಾಫ್ಟ್’ ಸೃಷ್ಟಿಸಿ ಆಗಲೇ ಜಗತ್ಪ್ರಸಿದ್ಧನಾಗಿದ್ದ ಮಾರ್ಕಸ್ ಪರ್ಸನ್ ಎರಡು ದಿನದಲ್ಲಿ ‘ಮಿನಿಕ್ರಾಫ್ಟ್’ ಎಂಬ ಪುಟ್ಟ ಆಟ ಕಟ್ಟಿ ಸಲ್ಲಿಸಿದ. ಅವನ ಆಟಕ್ಕೆ ಜನರನ್ನು ಯಾರೂ ಕರೆಯಬೇಕಿರಲಿಲ್ಲ. ಆದರೆ ಅದೇ ಪಟ್ಟಿಯ ಕೆಳಗೆಲ್ಲೋ, ಮೊದಲ ಸಲ ಆಟ ಕಟ್ಟಿದ ಕಾಲೇಜು ಹುಡುಗಿಯೋ ಹುಡುಗನೋ ಇಟ್ಟದ್ದನ್ನು ತೆರೆದು ನೋಡುವವರು ಯಾರು? ನೂರಾರು ಆಟಗಳ ಪಟ್ಟಿಯಲ್ಲಿ ಕಣ್ಣು ಮೊದಲ ಎರಡು ಸಾಲು ದಾಟುವುದೇ ಅಪರೂಪ.

‘ದಯವಿಟ್ಟು ಎಲ್ಲರ ಆಟವನ್ನೂ ಆಡಿ’ ಎಂದು ವಿನಂತಿಸಬಹುದು. ವಿನಂತಿಗೆ ಓಗೊಡುವವರು ಹೇಗೂ ಆಡುವವರೇ. ಓಗೊಡದವರಿಗಾಗಿಯೇ ಏರ್ಪಾಟು ಬೇಕಾಗಿದ್ದು. ಲೂಡಮ್ ಡೇರ್‌ನ ಸಂಘಟಕರು ಬುದ್ಧಿಮಾತಿನ ಗೋಜಿಗೆ ಹೋಗದೆ ಪಟ್ಟಿಯ ಕ್ರಮವನ್ನೇ ಬದಲಿಸಿದರು. ಯಾರು ಬೇರೆಯವರ ಹೆಚ್ಚು ಆಟಗಳಿಗೆ ಅಂಕ ಹಾಕಿದ್ದಾರೋ, ಯಾರ ಆಟಕ್ಕೆ ಮಾತ್ರ ಕಡಿಮೆ ಜನ ಅಂಕ ಕೊಟ್ಟಿದ್ದಾರೋ, ಅವರ ಆಟ ಪಟ್ಟಿಯ ಮೇಲಕ್ಕೆ ಬರುತ್ತದೆ. ಕೊಟ್ಟಿದ್ದಕ್ಕಿಂತ ಹೆಚ್ಚು ಪಡೆದವರು ತಂತಾನೇ ಕೆಳಗಿಳಿಯುತ್ತಾರೆ. ಹಳೆಯ ದಿನಗಳಲ್ಲಿ ಈ ಲೆಕ್ಕಕ್ಕೆ ‘ಕೂಲ್‌ನೆಸ್’ ಎಂದೇ ಹೆಸರಿತ್ತು. ಈಗ ಅದರ ಜೊತೆಗೆ ಇನ್ನೊಂದು ಗಡಿಯೂ ಇದೆ. ಒಂದು ಆಟಕ್ಕೆ ಕನಿಷ್ಠ ಇಪ್ಪತ್ತು ಜನ ಅಂಕ ಕೊಡದಿದ್ದರೆ ಅದಕ್ಕೆ ಕೊನೆಯಲ್ಲಿ ಸ್ಥಾನವೇ ಸಿಗುವುದಿಲ್ಲ. ಸ್ಥಾನ ಬೇಕೆಂದರೆ ಜನ ಬರಬೇಕು, ಜನ ಬರಬೇಕೆಂದರೆ ಕಟ್ಟಿದವರು ಎದ್ದು ನಾಲ್ಕು ಮನೆ ತಿರುಗಬೇಕು.

ಮಲೆನಾಡಿನ, ಬಯಲುಸೀಮೆಯ ರೈತರಿಗೆ ಇದು ಹೊಸದೇನಲ್ಲ. ನಾಟಿಗೋ ಕಟಾವಿಗೋ ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ ಎನ್ನುವ ಮುಯ್ಯಾಳು ಪದ್ಧತಿ ಇದೇ ತತ್ವದ್ದು. ಒಂದು ವ್ಯತ್ಯಾಸ ಉಂಟು. ಹೊಲದಲ್ಲಿ ಮುಯ್ಯಾಳಾಗಿ ಬಂದವನು ಮೈಗಳ್ಳನಾದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಟಕ್ಕೆ ಅಂಕ ಒತ್ತುವವನು ನಿಜಕ್ಕೂ ಆಡಿದನೋ ಇಲ್ಲವೋ ಎಂಬುದು ಹಾಗೆ ಕಾಣುವುದಿಲ್ಲ.

ಕೊರತೆ ಕಂಡದ್ದೂ ಅಲ್ಲೇ. ಜಾಮ್‌ಗಳಲ್ಲಿ ಓಡಾಡಿದವರಿಗೆಲ್ಲ ‘ಚೆನ್ನಾಗಿದೆ, ನನ್ನದನ್ನೂ ಆಡಿ’ ಎಂಬ ಕಾಮೆಂಟ್ ಚಿರಪರಿಚಿತ. ಎಣಿಕೆಯ ಮೇಲೆ ಬಹುಮಾನವಿಟ್ಟರೆ ಎಣಿಕೆ ಬೆಳೆಯುತ್ತದೆ, ವಿಮರ್ಶೆ ಬೆಳೆಯಬೇಕೆಂದಿಲ್ಲ. ಹತ್ತು ನಿಮಿಷ ಆಡಿ, ಎರಡನೇ ಹಂತದಲ್ಲಿ ಕ್ಯಾಮೆರಾ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ ಎಂದು ಬರೆದವರಿಗೂ, ಮೊದಲ ಪರದೆ ನೋಡಿ ಮೂರು ಸ್ಟಾರ್ ಒತ್ತಿ ಹೊರಟವರಿಗೂ ಸಮನಾದ ಪುಣ್ಯ ಸಿಕ್ಕರೆ ಮೊದಲಿನವರು ಎಷ್ಟು ದಿನ ತಾಳಿಯಾರು?

2017ರಲ್ಲಿ ಜಾಮ್ ಹೊಸ ತಾಣಕ್ಕೆ ಬಂದ ಮೇಲೆ ಇದಕ್ಕೊಂದು ಉಪಾಯ ಹೂಡಲಾಯಿತು. ಬರೆದ ಕಾಮೆಂಟ್‌ಗೆ ಉಳಿದವರು ಮೆಚ್ಚುಗೆ ಒತ್ತಿದರೆ ಅದೂ ಬರೆದವರ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಆಡಲು ತೋರಿಸುವ ಪಟ್ಟಿಯಲ್ಲಿ ಆಟದ ಜಾಗ ನಿರ್ಧಾರವಾಗುವುದು ಎಷ್ಟು ಆಟಗಳಿಗೆ ಅಂಕ ಕೊಟ್ಟಿರಿ ಎಂಬುದರಿಂದ ಮಾತ್ರವಲ್ಲ, ಬರೆದದ್ದು ಯಾರಿಗಾದರೂ ಉಪಯೋಗವಾಯಿತೇ ಎಂಬುದರಿಂದಲೂ. ಇದರಲ್ಲೂ ಕಳ್ಳದಾರಿ ಹುಡುಕುವವರು ಇದ್ದೇ ಇರುತ್ತಾರೆ. ಆದರೂ ನಿಜವಾದ ವಿಮರ್ಶಕರಿಗೆ ಚೂರು ಮೇಲುಗೈ ಸಿಕ್ಕಿತು.

ಅಲ್ಲಿನ ಇನ್ನೊಂದು ಏರ್ಪಾಟು ಈ ಎಲ್ಲ ಗಣಿತಕ್ಕಿಂತ ಮಿಗಿಲು. ಇಪ್ಪತ್ತರ ಗಡಿ ಮುಟ್ಟದ ಆಟಗಳದೇ ಪ್ರತ್ಯೇಕ ಪಟ್ಟಿಯೊಂದಿದೆ. ಅದರ ಹೆಸರು ‘ಡೇಂಜರ್’. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ನಿಂತ ಆಟ ಕಂಡರೆ ‘ಇನ್ನೊಂದೇ ತಾನೇ’ ಎಂದು ಕೈ ತಾನಾಗಿ ಮುಂದಾಗುತ್ತದೆ. ತನ್ನ ಆಟಕ್ಕೆ ಬೇಕಾದಷ್ಟು ಅಂಕ ಬಂದಾದ ಮೇಲೂ ಕೆಲವರು ಕೊನೆಯ ದಿನಗಳಲ್ಲಿ ಈ ಪಟ್ಟಿ ಹಿಡಿದು ಕೂರುತ್ತಾರೆ. ಪ್ರತಿಫಲದ ಆಸೆ ತೋರಿಸಿ ಇವರನ್ನು ಕರೆತಂದದ್ದಲ್ಲ. ಯಾರಿಗೆ ನೆರವು ಬೇಕು ಎಂಬುದನ್ನು ಎದುರಿಗಿಟ್ಟದ್ದಷ್ಟೇ.

ಅಂಕ ಕೊಡುವ ವಿಭಾಗಗಳು ಎಂಟು: ಒಟ್ಟಾರೆ, ಮಜಾ, ಹೊಸತನ, ವಿಷಯದೊಂದಿಗಿನ ಹೊಂದಿಕೆ, ಚಿತ್ರ, ಸದ್ದು, ಹಾಸ್ಯ, ಭಾವ. ಏನು ಬರೆಯಬೇಕೆಂದು ತೋಚದೆ ಸುಮ್ಮನಿರುವವರಿಗೆ ಈ ಪಟ್ಟಿಯೇ ಎಂಟು ಪ್ರಶ್ನೆಗಳಾಗಿ ಒದಗುತ್ತದೆ. ಸಂಗೀತ ತನ್ನದಲ್ಲದಿದ್ದರೆ ಸದ್ದಿನ ವಿಭಾಗದಿಂದ ಹೊರಗುಳಿಯುವ ಸ್ವಾತಂತ್ರ್ಯ ಕಟ್ಟಿದವರಿಗಿದೆ.

ಇಚ್.ಐಒ ತಾಣದಲ್ಲಿ ನಡೆಯುವ ಜಾಮ್‌ಗಳ ಅಳತೆಯೇ ಬೇರೆ. ಮಾರ್ಕ್ ಬ್ರೌನ್ ನಡೆಸುವ ಜಿಎಂಟಿಕೆ ಜಾಮ್‌ಗೆ ಈಚಿನ ವರ್ಷಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿ ಆಟಗಳು ಬರುತ್ತಿವೆ. ಅಲ್ಲಿ ಬಳಸುವ ಸೂತ್ರ ಸ್ವಲ್ಪ ಕಠೋರ. ಎಲ್ಲ ಆಟಗಳಿಗೂ ಬಂದ ರೇಟಿಂಗ್‌ಗಳ ಸಂಖ್ಯೆಯನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಕಡಿಮೆ ರೇಟಿಂಗ್ ಬಂದ ಆಟದ ಅಂಕವನ್ನು, ಬಂದ ಸಂಖ್ಯೆಯನ್ನು ನಡುವಿನ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದರ ವರ್ಗಮೂಲಕ್ಕೆ ತಕ್ಕಂತೆ ಇಳಿಸುತ್ತಾರೆ. ನಡುವಿನ ಸಂಖ್ಯೆ 16 ಎಂದಿಟ್ಟುಕೊಳ್ಳಿ. ನಾಲ್ಕೇ ಜನ ಆಡಿ ನಾಲ್ವರೂ ಐದಕ್ಕೆ ಐದು ಕೊಟ್ಟರೆ ಕೈಗೆ ಬರುವುದು ಎರಡೂವರೆ. ಗೆಳೆಯರ ಗುಂಪು ಸೇರಿ ಒಂದು ಆಟವನ್ನು ಮೇಲೆತ್ತದಂತೆ ಇದು ತಡೆಯುತ್ತದೆ, ಸರಿ. ಆದರೆ ತನ್ನ ತಪ್ಪಿಲ್ಲದೆ ಮೂಲೆಗುಂಪಾದ ಆಟಕ್ಕೂ ಅದೇ ದಂಡ. ಅದಕ್ಕಾಗಿಯೇ ಅಲ್ಲಿ ಪ್ರತಿ ಆಟಗಾರನಿಗೂ ಬೇರೆ ಬೇರೆ ಆಟಗಳ ಸರದಿ ಪಟ್ಟಿ ಕೊಡುವ ಸೌಲಭ್ಯವಿದೆ. ಜನಪ್ರಿಯವಾದದ್ದನ್ನೇ ಮತ್ತೆ ಮತ್ತೆ ತೆರೆಯುವ ಚಟಕ್ಕೆ ಅದೊಂದು ಕಡಿವಾಣ.

ಪಳಗಿದವರು ಹೊಸಬರಿಗೆ ಹೇಳುವ ಮೊದಲ ಕಿವಿಮಾತು ಮಾತ್ರ ಸೂತ್ರಗಳ ಬಗ್ಗೆ ಅಲ್ಲವೇ ಅಲ್ಲ. ಆಟ ಬ್ರೌಸರ್‌ನಲ್ಲೇ ತೆರೆಯುವಂತೆ ಮಾಡಿ ಎನ್ನುತ್ತಾರೆ. ಗುರುತಿಲ್ಲದವರ ಫೈಲ್ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಓಡಿಸಲು ಯಾರಿಗೆ ಧೈರ್ಯ? ವಿಮರ್ಶಕರು ಬರಲಿಲ್ಲವೆಂದು ಕೊರಗುವ ಮುನ್ನ ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳುವುದು ಲೇಸು.

ಅಕ್ಷರದ ಆಟಗಳ ಲೋಕ ಇದೇ ಸಮಸ್ಯೆಗೆ ಬೇರೊಂದು ದಾರಿ ಹಿಡಿಯಿತು. ಇನ್ಫೋಕಾಮ್‌ನಂಥ ಆಟದ ಕಂಪನಿಗಳ ಕಾಲ ಮುಗಿದ ಮೇಲೆ ಪಠ್ಯಸಾಹಸಗಳನ್ನು, ಅಂದರೆ ಕಥೆ ಓದುತ್ತ ಆಜ್ಞೆ ಟೈಪ್ ಮಾಡಿ ಆಡುವ ಆಟಗಳನ್ನು, ಉಳಿಸಿಕೊಂಡವರು ಹವ್ಯಾಸಿಗಳು. 1994ರಲ್ಲಿ ಅವರಿಗಾಗಿ ವಿಮರ್ಶೆಗಳ ಪತ್ರಿಕೆಯೊಂದನ್ನು ಶುರುಮಾಡಿದ ಕೆವಿನ್ ವಿಲ್ಸನ್, ಮರುವರ್ಷ ಒಂದು ಸ್ಪರ್ಧೆಯನ್ನೂ ಹೂಡಿದ. ಇಂಟರ್ಯಾಕ್ಟಿವ್ ಫಿಕ್ಷನ್ ಕಾಂಪಿಟಿಷನ್ ಎಂಬುದು ಅದರ ಹೆಸರು. ಮೊದಲ ವರ್ಷ ಬಂದದ್ದು ಹನ್ನೆರಡು ಆಟ; ಆಂಡ್ರ್ಯೂ ಪ್ಲಾಟ್ಕಿನ್‌ನ ‘ಎ ಚೇಂಜ್ ಇನ್ ದ ವೆದರ್’, ಮ್ಯಾಗ್ನಸ್ ಓಲ್ಸನ್‌ನ ‘ಅಂಕಲ್ ಜೆಬುಲನ್ಸ್ ವಿಲ್’ ಆಗಿದ್ದ ಎರಡು ವಿಭಾಗಗಳಲ್ಲಿ ಗೆದ್ದವು. 2020ರಲ್ಲಿ ಆಟಗಳ ಸಂಖ್ಯೆ 103.

ಇಲ್ಲಿನ ಜಾಣತನ ಇರುವುದು ವಿಮರ್ಶಕರ ಹೊರೆ ಇಳಿಸಿದ್ದರಲ್ಲಿ. ಆಟ ಎಷ್ಟೇ ಉದ್ದವಿರಲಿ, ಮೊದಲ ಎರಡು ಗಂಟೆ ಆಡಿ ಒಂದರಿಂದ ಹತ್ತರೊಳಗೆ ಅಂಕ ಕೊಡಬೇಕು; ಆಮೇಲೆ ಇಡೀ ರಾತ್ರಿ ಆಡಿ ಮನಸ್ಸು ಬದಲಾದರೂ ಆ ಅಂಕ ಬದಲಾಗಕೂಡದು. ಕನಿಷ್ಠ ಐದು ಆಟಗಳಿಗೆ ಅಂಕ ಕೊಟ್ಟರೆ ಮತ ಸಿಂಧು. ನೂರಾಮೂರು ಆಟಗಳಿಗೆ ಇನ್ನೂರಾರು ಗಂಟೆ ಬೇಕೆಂದು ಹೆದರಬೇಕಿಲ್ಲ, ಐದಕ್ಕೆ ಹತ್ತು ಗಂಟೆ ಸಾಕು. ಗೆಳೆಯನ ಒಂದೇ ಆಟಕ್ಕೆ ಹತ್ತು ಒತ್ತಿ ಹೋಗುವವರನ್ನೂ ಇದೇ ನಿಯಮ ತಡೆಯುತ್ತದೆ. ಯಾವ ಐದು ಎಂಬ ಗೊಂದಲಕ್ಕೂ ಪರಿಹಾರವಿದೆ. ಪ್ರತಿಯೊಬ್ಬರಿಗೂ ಅವರದೇ ಆದ ಕಲಸಿದ ಪಟ್ಟಿ ಸಿಗುತ್ತದೆ, ಮೇಲಿನಿಂದ ಆಡುತ್ತ ಬಂದರಾಯಿತು. ಸಾಮಾನ್ಯ ಓದುಗನನ್ನು ತೀರ್ಪುಗಾರನನ್ನಾಗಿ ಮಾಡಿದ ಕಾರಣ, ಕಟ್ಟುವವರೇ ಕಟ್ಟುವವರನ್ನು ಹೊಗಳಿಕೊಳ್ಳುವ ಬೇನೆಯೂ ಇಲ್ಲಿ ಕಡಿಮೆ.

ಕಟ್ಟಿದವರು ತಂತಮ್ಮೊಳಗೇ ಮತ ಹಾಕಿ ಆರಿಸುವ ‘ಮಿಸ್ ಕಂಜೀನಿಯಾಲಿಟಿ’ ಗೌರವ ಬೇರೆ ಇದೆ. ಇನ್ನೊಂದು ಗೌರವ ಇನ್ನೂ ಮಜವಾದದ್ದು. ಯಾವ ಆಟದ ಬಗ್ಗೆ ಅಭಿಪ್ರಾಯ ಅತ್ಯಂತ ಸೀಳಿಹೋಗಿದೆಯೋ, ಕೆಲವರು ಹತ್ತು ಕೊಟ್ಟು ಕೆಲವರು ಒಂದು ಕೊಟ್ಟಿದ್ದಾರೋ, ಅದಕ್ಕೆ ‘ಗೋಲ್ಡನ್ ಬನಾನಾ ಆಫ್ ಡಿಸ್ಕಾರ್ಡ್’. ಜಗಳಕ್ಕೊಂದು ಚಿನ್ನದ ಬಾಳೆಹಣ್ಣು! ಎಲ್ಲರಿಗೂ ಹಿಡಿಸುವ ಸಪ್ಪೆ ಆಟಕ್ಕಿಂತ ಜನರನ್ನು ಎರಡು ಬಣ ಮಾಡಿದ ಆಟವೇ ಮೇಲು ಎನ್ನುವ ರಸಿಕತೆ ಬೇರೆ ಯಾವ ಜಾಮ್‌ನಲ್ಲೂ ಇಷ್ಟು ಸೊಗಸಾಗಿ ಕಂಡಿಲ್ಲ. ಒಂದು ಅಂಕ ಕೊಡಲು ಹಿಂಜರಿಯುವವರಿಗೂ ಇದರಿಂದ ಧೈರ್ಯ ಬರುತ್ತದೆ.

ಸ್ಪರ್ಧೆಗೆ ಮೊದಲಿನ ಪರೀಕ್ಷಾರ್ಥ ಆಟದಲ್ಲಂತೂ ಈ ಬಳಗ ಒಂದು ಅದ್ಭುತ ಪದ್ಧತಿ ಬೆಳೆಸಿಕೊಂಡಿದೆ. ಪಠ್ಯದ ಆಟದಲ್ಲಿ ಆಡುವವರು ಟೈಪ್ ಮಾಡಿದ ಪ್ರತಿ ಆಜ್ಞೆಯೂ ಆಟ ಕೊಟ್ಟ ಪ್ರತಿ ಉತ್ತರವೂ ಒಂದು ಕಡತದಲ್ಲಿ ದಾಖಲಾಗುವಂತೆ ಮಾಡಬಹುದು. ಪರೀಕ್ಷಕರು ಆಡುತ್ತ ಆಡುತ್ತಲೇ ಒಂದು ನಕ್ಷತ್ರ ಚಿಹ್ನೆ ಹಾಕಿ ಮನಸ್ಸಿಗೆ ಬಂದದ್ದನ್ನು ಟೈಪ್ ಮಾಡುತ್ತಾರೆ: ‘ಈ ಕೀಲಿ ಎಲ್ಲಿಂದ ಬಂತು?’, ‘ಬಾಗಿಲು ತೆರೆ ಅಂದರೆ ತೆರೆಯುತ್ತಿಲ್ಲ’, ‘ಹಹ್ಹ!’. ಆಟ ಅವನ್ನು ಗಣಿಸದೆ ಮುಂದುವರಿಯುತ್ತದೆ. ಬರೆದವನಿಗೆ ಮಾತ್ರ ಕೊನೆಗೆ ಇಡೀ ಕಡತ ಸಿಗುತ್ತದೆ. ‘ಕಥೆ ಸ್ವಲ್ಪ ಬಿಗಿಯಾಗಬೇಕಿತ್ತು’ ಎಂಬ ಗಂಭೀರ ವಿಮರ್ಶೆಯಿಂದ ತಿಳಿಯದ್ದು ಆ ಒಂದು ‘ಹಹ್ಹ’ದಿಂದ ತಿಳಿಯುತ್ತದೆ. ಪರೀಕ್ಷಕರು ಕೂತು ಪ್ರಬಂಧ ಬರೆಯಬೇಕಿಲ್ಲ, ಆಡಿದರೆ ಸಾಕು. ಹಾಗಾಗಿಯೇ ಪರೀಕ್ಷಿಸಲು ಒಪ್ಪುವವರು ಸಿಗುತ್ತಾರೆ.

ಎರಡರಲ್ಲಿ ಯಾವುದು ಮೇಲು? ಸಾವಿರ ಆಟಗಳಲ್ಲಿ ಒಂದೂ ಅನಾಥವಾಗಬಾರದೆಂದರೆ ಲೂಡಮ್ ಡೇರ್‌ನ ಕೊಡು-ಕೊಳ್ಳುವ ಲೆಕ್ಕವೇ ಬೇಕು. ಆದರೆ ಓದಿದವನು ಮುಂದಿನ ಆಟವನ್ನು ಬೇರೆಯಾಗಿ ಕಟ್ಟುವಂಥ ಮಾತು ಬೇಕೆಂದರೆ ಅಕ್ಷರದಾಟದವರ ದಾರಿಯೇ ಸರಿ. ಅಲ್ಲಿ ತೀರ್ಪುಗಾರರಾಗಲು ಶುಲ್ಕವಿಲ್ಲ, ಆಟ ಕಟ್ಟಿರಬೇಕಾದ್ದೂ ಇಲ್ಲ. ಪ್ರತಿ ವರ್ಷ ಸ್ಪರ್ಧೆ ತೆರೆದಾಗ ಇಂಗ್ಲಿಷ್ ಓದಬಲ್ಲ ಯಾರು ಬೇಕಾದರೂ ಹೆಸರು ನೋಂದಾಯಿಸಿಕೊಂಡು ಐದು ಆಟ ಆಡಿ ಅಂಕ ಕೊಡಬಹುದು.