ಅನುಬಂಧಕ್ಕೆ ಸರಿಸಿದವರ ಚರಿತ್ರೆ

2024ರ ಮಾರ್ಚ್ 8ರಂದು ಗಾಜಿಯಾಬಾದ್ ಬಳಿಯ ಹಿಂಡನ್ ವಾಯುನೆಲೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ವಾಯುಪಡೆಯ ನಾಲ್ಕು ಘಟಕಗಳನ್ನು ಗೌರವಿಸಿದರು. 45 ಮತ್ತು 221ನೇ ಸ್ಕ್ವಾಡ್ರನ್‌ಗಳಿಗೆ ಸ್ಟ್ಯಾಂಡರ್ಡ್ ಸಂದಿತು; 11 ಬೇಸ್ ರಿಪೇರ್ ಡಿಪೋ ಮತ್ತು 509 ಸಿಗ್ನಲ್ ಯೂನಿಟ್‌ಗೆ ಕಲರ್ಸ್ ಸಂದಿತು. ಹಾರುವ ಘಟಕಕ್ಕೆ ಸ್ಟ್ಯಾಂಡರ್ಡ್, ನೆಲದ ಮೇಲೆ ದುಡಿಯುವ ಘಟಕಕ್ಕೆ ಕಲರ್ಸ್. ಧ್ವಜದ ಹೆಸರು ಬೇರೆಯಾದರೂ ಅಂದು ಕವಾಯತಿನ ಮೈದಾನ ಒಂದೇ ಆಗಿತ್ತು.

ಆ ರಿಪೇರ್ ಡಿಪೋ ಇರುವುದು ಓಝರ್‌ನಲ್ಲಿ. ಅಷ್ಟವಿನಾಯಕ ಯಾತ್ರೆಗೆ ಹೋಗಿಬಂದವರಿಗೆ ಗೊತ್ತಿರುವ ಓಝರ್ ಪುಣೆ ಜಿಲ್ಲೆಯದು. ಇದು ನಾಸಿಕದಿಂದ ಆಗ್ರಾ ಹೆದ್ದಾರಿ ಹಿಡಿದರೆ ಸಿಗುವ, ನಿಫಾಡ್ ತಾಲ್ಲೂಕಿನ ದ್ರಾಕ್ಷಿ ಸೀಮೆಯ ಓಝರ್. 1974ರಲ್ಲಿ ಶುರುವಾದ ಈ ಡಿಪೋ ಯುದ್ಧವಿಮಾನಗಳನ್ನು ಪೂರ್ತಿ ಕಳಚಿ, ಪರೀಕ್ಷಿಸಿ, ಮತ್ತೆ ಜೋಡಿಸಿ ಕೊಡುತ್ತದೆ. ಪಕ್ಕದಲ್ಲೇ ಎಚ್‌ಎಎಲ್‌ನ ನಾಸಿಕ ವಿಭಾಗವಿದೆ. ಮಿಗ್-21ರಿಂದ ಸುಖೋಯ್-30ರವರೆಗೆ ಹಲವು ಮಾದರಿಗಳು ಅಲ್ಲಿಂದಲೇ ಹೊರಬಿದ್ದವು. 2025ರ ಅಕ್ಟೋಬರ್ 17ರಂದು ಅಲ್ಲಿ ಜೋಡಣೆಯಾದ ಮೊದಲ ತೇಜಸ್ ಮಾರ್ಕ್-1ಎ ಹಾರಿತು.

ಸೇನಾ ಘಟಕಗಳ ಚರಿತ್ರೆ ಎಂಬ ಬರವಣಿಗೆಯ ಪ್ರಕಾರವನ್ನು ಅಳೆಯಲು ನನಗೆ ಓಝರ್ ಒಳ್ಳೆಯ ಜಾಗವಾಗಿ ಕಾಣುತ್ತದೆ. ಈ ಪ್ರಕಾರದ ದೊಡ್ಡ ಕೊರತೆ ಏನೆಂಬುದು ಇಲ್ಲಿಂದ ನೋಡಿದರೆ ನಿಚ್ಚಳವಾಗುತ್ತದೆ: ಕಾದಾಡುವವರ ಕಥೆ ಮತ್ತು ಅವರನ್ನು ಕಾದಾಡುವಂತೆ ಇಟ್ಟವರ ಕಥೆ ಒಂದೇ ಪುಟದಲ್ಲಿ ಸಿಗುವುದಿಲ್ಲ.

ಪದಾತಿ ದಳದ ಒಂದು ಬೆಟಾಲಿಯನ್ನನ್ನೇ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ರೈಫಲ್ ಕಂಪನಿಗಳು, ಮಾರ್ಟರ್ ಮುಂತಾದ ಭಾರಿ ಆಯುಧಗಳ ಸಪೋರ್ಟ್ ಕಂಪನಿ, ಮತ್ತೊಂದು ಹೆಡ್‌ಕ್ವಾರ್ಟರ್ಸ್ ಕಂಪನಿ. ಸಿಗ್ನಲ್‌ನವರು, ಲಾರಿ ಚಾಲಕರು, ಕ್ವಾರ್ಟರ್‌ಮಾಸ್ಟರನ ಉಗ್ರಾಣದವರು, ಗುಮಾಸ್ತರು, ಲಂಗರಿನ ಅಡುಗೆಯವರು ಎಲ್ಲ ಈ ಕೊನೆಯ ಕಂಪನಿಯ ಲೆಕ್ಕಕ್ಕೆ. ಅನ್ನ, ಗುಂಡು, ಸಂದೇಶ ಮೂರೂ ಅವರ ಕೈ ದಾಟಿಯೇ ಮುಂಚೂಣಿಗೆ ಹೋಗಬೇಕು. ಆದರೆ ರೆಜಿಮೆಂಟಿನ ಚರಿತ್ರೆಯನ್ನು ತೆರೆದರೆ ಎ ಕಂಪನಿ ಎಡದಿಂದ ನುಗ್ಗಿತು, ಬಿ ಕಂಪನಿ ಗುಡ್ಡ ಹಿಡಿಯಿತು ಎಂದು ಅಧ್ಯಾಯಗಳು ಸಾಗುತ್ತವೆ. ಹೆಡ್‌ಕ್ವಾರ್ಟರ್ಸ್ ಕಂಪನಿಗೆ ಸಿಗುವುದು ಕೃತಜ್ಞತೆಯ ಒಂದು ಸಾಲು, ಹೆಚ್ಚೆಂದರೆ ಅನುಬಂಧದಲ್ಲಿ ಒಂದು ಕೋಷ್ಟಕ.

ಪುಸ್ತಕ ದೊಡ್ಡದಾದ ಮಾತ್ರಕ್ಕೆ ಈ ತಾರತಮ್ಯ ಕರಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಅಧಿಕೃತ ಚರಿತ್ರೆ ಬಿಶೇಶ್ವರ ಪ್ರಸಾದ್ ಅವರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂತು. ದೇಶ ಒಡೆದ ಮೇಲೂ ಭಾರತ–ಪಾಕಿಸ್ತಾನಗಳ ಜಂಟಿ ವಿಭಾಗವೊಂದು ಕೂತು ಬರೆಸಿದ ಸಂಪುಟಗಳಿವು. ಆ ಕೆಲಸಕ್ಕೆ ಯಾರಾದರೂ ತಲೆಬಾಗಬೇಕು. ಸೇನೆಯ ವಿಸ್ತರಣೆ, ಯುದ್ಧಕಾಲದ ಅರ್ಥವ್ಯವಸ್ಥೆ, ವೈದ್ಯಕೀಯ ಸೇವೆ ಯಾವುದನ್ನೂ ಅವರು ಬಿಟ್ಟಿಲ್ಲ. ಆದರೆ ಕಾಳಗದ ಸಂಪುಟಗಳೇ ಬೇರೆ, ಆಡಳಿತ–ಸರಬರಾಜಿನ ಸಂಪುಟಗಳೇ ಬೇರೆ, ವೈದ್ಯಕೀಯ ಸಂಪುಟಗಳೇ ಬೇರೆ. ಬರ್ಮಾದ ಕಾಡಿನಲ್ಲಿ ಸೈನಿಕ ಮಲೇರಿಯಾದಿಂದ ಮಲಗಿದ್ದು ಒಂದು ಕಡೆ, ಅದೇ ವಾರ ದಾಳಿ ಮುಂದಕ್ಕೆ ಹೋದದ್ದು ಇನ್ನೊಂದು ಕಡೆ. ಕಾರಣ ಒಂದು ಕಪಾಟಿನಲ್ಲಿ, ಪರಿಣಾಮ ಮತ್ತೊಂದರಲ್ಲಿ ಉಳಿದರೆ ಓದುಗನಿಗೆ ಎರಡನ್ನೂ ಹೊಲಿದುಕೊಳ್ಳುವ ಕೆಲಸ ತಪ್ಪದು.

ಅಮೆರಿಕದ ಸೇನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಏರ್ಪಾಡಿದೆ. 1957ರಲ್ಲಿ ಅವರು ರೆಜಿಮೆಂಟ್ ವ್ಯವಸ್ಥೆಯನ್ನು ಕಲಸಿ ಹೊಸದಾಗಿ ಕಟ್ಟಿದಾಗ, ಹಳೆಯ ರೆಜಿಮೆಂಟಿನ ಎ ಕಂಪನಿಯ ವಂಶಾವಳಿಯನ್ನು ಹೊಸ ಮೊದಲ ಬೆಟಾಲಿಯನ್ನಿನ ಹೆಡ್‌ಕ್ವಾರ್ಟರ್ಸ್ ಕಂಪನಿಗೆ ಕೊಟ್ಟರು. ಬಿ ಕಂಪನಿಯದನ್ನು ಎರಡನೆಯ ಬೆಟಾಲಿಯನ್ನಿನ ಹೆಡ್‌ಕ್ವಾರ್ಟರ್ಸ್ ಕಂಪನಿಗೆ. ಹೀಗಾಗಿ ಕಾಗದದ ಮೇಲೆ ಇಡೀ ಮನೆತನದ ಹೆಸರನ್ನು ಹೊರುವುದು ಈ ಕಂಪನಿಯೇ. ಆದರೆ ಅದಕ್ಕೆ ಕೊಡುವ ವಂಶಾವಳಿ ಪತ್ರವನ್ನು ಓದಿ ನೋಡಿದರೆ ಅಲ್ಲಿರುವುದು ಸ್ಥಾಪನೆ, ವಿಸರ್ಜನೆ, ಮರುನಾಮಕರಣ, ಯುದ್ಧಗೌರವ, ಇಷ್ಟೇ. ಮನುಷ್ಯರ ಸುಳಿವಿಲ್ಲ. ಮಾನ ಸಿಕ್ಕಿದೆ, ಮಾತು ಸಿಕ್ಕಿಲ್ಲ.

ಓಝರ್ ಡಿಪೋದ ಬಗ್ಗೆ ಸಾರ್ವಜನಿಕವಾಗಿ ಬರೆದದ್ದೂ ಹೆಚ್ಚುಕಡಿಮೆ ಇದೇ ಜಾಡಿನದು: ಮಿಗ್-23, ಮಿಗ್-29ರ ಓವರ್‌ಹಾಲ್, ಮಿಗ್-29ರ ಉನ್ನತೀಕರಣ, 2018ರಲ್ಲಿ ಇಲ್ಲೇ ಓವರ್‌ಹಾಲ್ ಆಗಿ ಹೊರಬಂದ ಮೊದಲ ಸುಖೋಯ್-30. ಸಾಧನೆಗಳ ಪಟ್ಟಿ ಸರಿಯಾಗಿಯೇ ಇದೆ, ಆದರೆ ಪಟ್ಟಿ ಚರಿತ್ರೆಯಾಗುವುದಿಲ್ಲ. ಹಿಂಡನ್‌ನಲ್ಲಿ ಡಿಪೋದ ಜೊತೆ ನಿಂತಿದ್ದ 221ನೇ ಸ್ಕ್ವಾಡ್ರನ್ 1971ರಲ್ಲಿ ಸುಖೋಯ್-7 ಹಾರಿಸಿತ್ತು, 1999ರ ಕಾರ್ಗಿಲ್ ಕಾರ್ಯಾಚರಣೆಯಲ್ಲಿ ಮಿಗ್-23 ಬಿಎನ್ ಹಾರಿಸಿತ್ತು. ಆ ಮಿಗ್-23ಗಳನ್ನು ಬಿಚ್ಚಿ ಕಟ್ಟುತ್ತಿದ್ದದ್ದು ಓಝರ್. 45ನೇ ಸ್ಕ್ವಾಡ್ರನ್ 1999ರ ಆಗಸ್ಟ್ 10ರಂದು ಕಚ್ಛ್‌ನ ಗಡಿಯಲ್ಲಿ ಪಾಕಿಸ್ತಾನದ ಅಟ್ಲಾಂಟಿಕ್ ವಿಮಾನವನ್ನು ಹೊಡೆದುರುಳಿಸಿದ್ದು ಮಿಗ್-21 ಬಿಸ್‌ನಿಂದ. ನಾಸಿಕದ ಎಚ್‌ಎಎಲ್ ತಯಾರಿಸಿದ ಮಾದರಿ ಅದು. ಒಂದೇ ಮೈದಾನದಲ್ಲಿ ನಿಂತ ಘಟಕಗಳ ನಡುವೆ ಇಷ್ಟು ನಂಟಿದೆ. ಆದರೂ ಪ್ರತಿಯೊಂದರ ಚರಿತ್ರೆಯನ್ನು ಪ್ರತ್ಯೇಕ ಕಿರುಹೊತ್ತಿಗೆಯಾಗಿಯೇ ಹೇಳುವ ರೂಢಿ ಬಿಟ್ಟಿಲ್ಲ.

ಇದಕ್ಕೆ ಒಂದು ಸಮರ್ಥನೆ ಇದೆ. ದುರಸ್ತಿ ಶೆಡ್ಡಿನಲ್ಲಿ ಘಟನೆ ಎಂಬುದು ಇರುವುದಿಲ್ಲ, ಇದ್ದರೂ ಗೋಪ್ಯ, ಅದನ್ನು ಯಾರು ಓದುತ್ತಾರೆ ಎಂಬುದು. ಗೋಪ್ಯತೆಯ ಮಾತು ಇಂದಿನ ವಿಮಾನಕ್ಕೆ ಸರಿ. 2009ರಲ್ಲೇ ನಿವೃತ್ತಿಯಾದ ಮಿಗ್-23 ಬಿಎನ್‌ಗೆ ಅದು ಎಷ್ಟು ಅನ್ವಯಿಸೀತು? ಇನ್ನು ಘಟನೆಯ ಮಾತು. ವಿಮಾನದ ಹ್ಯಾಂಗರಿನಲ್ಲಿ ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿರುತ್ತಾರೆ. ಪಾಳಿ ಮುಗಿಯುವಾಗ ಒಂದು ಆಕಾರ ಖಾಲಿ ಕಂಡರೆ ಸ್ಪ್ಯಾನರ್ ಸಿಗುವತನಕ ವಿಮಾನ ಅಲ್ಲಾಡುವಂತಿಲ್ಲ. ಮರೆತುಬಿಟ್ಟ ಆ ತುಂಡು ಕಬ್ಬಿಣ ಆಕಾಶದಲ್ಲಿ ಕಂಟ್ರೋಲ್ ಕೇಬಲ್ಲಿಗೆ ಸಿಕ್ಕಿಕೊಂಡರೆ ಪೈಲಟ್ ಉಳಿಯುವುದಿಲ್ಲ. ಮಾಡಿದ ಪ್ರತಿ ಕೆಲಸಕ್ಕೂ ಮಾಡಿದವನ ಸಹಿ ಬೀಳುತ್ತದೆ. ಸ್ಕ್ವಾಡ್ರನ್ನಿನಲ್ಲಿ ಹಾರುವ ಮುನ್ನ ಪೈಲಟ್ ಫಾರ್ಮ್ 700ಗೆ ರುಜು ಹಾಕುವುದು ನೆಲದವರ ಸಹಿಗಳನ್ನು ನೋಡಿದ ಮೇಲೆಯೇ. ಹಾರಿದವನು ಮತ್ತು ಹಾರಲು ಬಿಟ್ಟವರು ಒಂದೇ ಹಾಳೆಯಲ್ಲಿ ಇರುವ ದಾಖಲೆ ಇದು. ನಮ್ಮ ಸೇನಾ ಚರಿತ್ರೆಕಾರರು ಡೈರಿ, ಡೆಸ್ಪ್ಯಾಚ್, ಪದಕದ ಉಲ್ಲೇಖಪತ್ರಗಳನ್ನು ಜಾಲಾಡಿದಷ್ಟು ಇಂಥ ಹಾಳೆಗಳನ್ನು ಜಾಲಾಡಿಲ್ಲ.

ಕಥೆಯನ್ನು ಜೋಡಿಸಿ ಹೇಳಲು ಬರುತ್ತದೆ ಎಂಬುದಕ್ಕೆ ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾ ಕಣಿವೆಯ ಕಾಳಗ ಸಾಕ್ಷಿ. 1948ರ ನವೆಂಬರ್ 1ರಂದು ಮಡಿಕೇರಿಯ ತಿಮ್ಮಯ್ಯನವರು 11,500 ಅಡಿಗೂ ಮಿಗಿಲಾದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದ ಕಥೆ ಕೊಡಗಿನ ಮನೆಮನೆಗೂ ಗೊತ್ತು. ಅದನ್ನು ಹೇಳುವ ಯಾರೂ ಎರಡು ಸಂಗತಿಗಳನ್ನು ಬಿಡಲಾರರು: ಗುಟ್ಟು ರಟ್ಟಾಗದಂತೆ ಟ್ಯಾಂಕುಗಳ ಗೋಪುರ ಕಳಚಿ ಸಾಗಿಸಿದ್ದು, ಮತ್ತು ಹೇಸರಗತ್ತೆ ನಡೆಯುವ ಹಾದಿಯನ್ನು ಬೆಂಗಳೂರಿನ ಮದ್ರಾಸ್ ಸ್ಯಾಪರ್‌ಗಳು ಟ್ಯಾಂಕ್ ಏರುವ ದಾರಿಯಾಗಿ ಕಡಿದದ್ದು. ಇಲ್ಲಿ ಹಾದಿ ಕಡಿದವರನ್ನು ಅನುಬಂಧಕ್ಕೆ ಹಾಕಿದರೆ ಕಥೆಯೇ ನಿಲ್ಲುವುದಿಲ್ಲ. ಜೋಜಿಲಾದ ಕಥನ ಗೆದ್ದಿರುವುದು ಇದರಿಂದಲೇ.

ಬೆಂಗಳೂರಿನದೇ ಇನ್ನೊಂದು ಕಥೆಗೆ ಈ ಭಾಗ್ಯ ಬರಲಿಲ್ಲ. ಸೋಲಾಪುರದ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್‌ನ ಮೂಲ), 1943ರಿಂದ ಯುದ್ಧ ಮುಗಿಯುವ ಹೊತ್ತಿನವರೆಗೆ ಅಮೆರಿಕದ 84ನೇ ಏರ್ ಡಿಪೋ ಆಗಿ ದುಡಿಯಿತು. ಬರ್ಮಾ–ಚೀನಾ ರಂಗದ ವಿಮಾನಗಳು ಇಲ್ಲಿಗೆ ದುರಸ್ತಿಗೆ ಬರುತ್ತಿದ್ದವು. ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸಿದ ಪೈಲಟ್‌ಗಳ ಮೇಲೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಆ ಎಂಜಿನ್ನುಗಳನ್ನು ತೊಳೆದ ಬೆಂಗಳೂರಿನ ಕೈಗಳ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ಚರಿತ್ರೆ ಬರೆದು ಕೈತೊಳೆದುಕೊಂಡ ನಾವು ಕಾರ್ಖಾನೆಯ ಊರಾಗಿದ್ದೂ ಕಾರ್ಖಾನೆಯ ಯುದ್ಧವನ್ನು ಬರೆಯಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಘಟಕದ ಚರಿತ್ರೆ ಎಂದು ಕೈಗೆ ಬಂದ ಯಾವುದೇ ಪುಸ್ತಕದಲ್ಲಿ ಮೊದಲು ನೋಡಬೇಕಾದ್ದು ದಾಳಿಯ ದಿನದ ಅಧ್ಯಾಯ. ಅಂದು ಊಟ ಎಲ್ಲಿಂದ ಬಂತು, ತಂತಿ ಎಳೆದವರು ಯಾರು, ಗಾಡಿ ಕೆಟ್ಟಾಗ ಏನಾಯಿತು ಎಂಬುದು ಅದೇ ಅಧ್ಯಾಯದಲ್ಲಿ ಸಿಕ್ಕರೆ ಪುಸ್ತಕ ನಂಬತಕ್ಕದ್ದು. ಸಿಗದಿದ್ದರೆ ಅದು ಬರೀ ಬಿರುದಾವಳಿ. ಹಿಂಡನ್‌ನಲ್ಲಿ ಕೊಟ್ಟ ಕಲರ್ಸ್ ಓಝರ್‌ಗೆ ಸಲ್ಲಬೇಕಾದ ಅರ್ಧ ಗೌರವ; ಉಳಿದರ್ಧ ಬರಹಗಾರರು ಕೊಡಬೇಕಾದ ಬಾಕಿ. ಎಚ್‌ಎಎಲ್‌ನಲ್ಲೋ ವಾಯುಪಡೆಯ ಹ್ಯಾಂಗರಿನಲ್ಲೋ ಪಾಳಿ ಮಾಡಿ ನಿವೃತ್ತರಾದವರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಮಾತಾಡಿಸಿ, ಹೇಳಿದ್ದನ್ನು ಈಗಲೇ ಬರೆದಿಟ್ಟುಕೊಳ್ಳಿ.