ದೀಕ್ಷಾಸ್ನಾನದ ಅನಂತರದ ಎಂಟು ವರ್ಷಗಳು: ಪಂಡಿತಾ ರಮಾಬಾಯಿಯವರ ಆತ್ಮಸಾಕ್ಷ್ಯದ ಮರುವಾಚನ

ಪಂಡಿತಾ ರಮಾಬಾಯಿಯವರು 1907ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಎ ಟೆಸ್ಟಿಮನಿ’ ಎಂಬ ಕಿರುಕೃತಿಯನ್ನು ಎರಡೇ ಘಟ್ಟಗಳ ಕಥೆಯಾಗಿ ಹೇಳುವುದುಂಟು: ಸಮಾಜವು ತಿರಸ್ಕರಿಸಿತು, ಸಭೆಯು ಸ್ವೀಕರಿಸಿತು. ಪ್ರಸಂಗಪೀಠಕ್ಕೆ ಅನುಕೂಲವಾದ ಈ ಸಾರಾಂಶವನ್ನು ಕೃತಿಯು ಸಮರ್ಥಿಸುವುದಿಲ್ಲ.

ರಮಾಬಾಯಿಯವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ಮಂಗಳೂರು ಸೀಮೆಯವರಾದ ತಂದೆ ಅನಂತಶಾಸ್ತ್ರಿಗಳು ಪತ್ನಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧವನ್ನು ಎದುರಿಸಿದವರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. 1880ರಲ್ಲಿ ಅಣ್ಣನನ್ನೂ, ಅನ್ಯಜಾತಿಯವರೊಡನೆ ವಿವಾಹವಾಗಿ ಎರಡು ವರ್ಷ ತುಂಬುವ ಮೊದಲೇ ಪತಿಯನ್ನೂ ಅವರು ಕಳೆದುಕೊಂಡರು. ಆದರೆ ಕೃತಿಯಲ್ಲಿ ನಿರಾಕರಣೆಯ ಮೂಲ ಈ ಸಾವುಗಳಲ್ಲಿಲ್ಲ. ಕಲ್ಕತ್ತೆಯಲ್ಲಿ ಧರ್ಮಶಾಸ್ತ್ರಗಳನ್ನು ಓದಿದಾಗ, ಹಲವು ವಿಷಯಗಳಲ್ಲಿ ಭಿನ್ನಮತವುಳ್ಳ ಗ್ರಂಥಕಾರರು ಸ್ತ್ರೀಯರನ್ನೂ ಶೂದ್ರರನ್ನೂ ಕೀಳಾಗಿ ಕಾಣುವುದರಲ್ಲಿ ಮಾತ್ರ ಏಕಾಭಿಪ್ರಾಯ ಹೊಂದಿದ್ದಾರೆಂದು ಅವರಿಗೆ ತೋರಿತು. ತಾವು ಶ್ರದ್ಧೆಯಿಂದ ಕಲಿತ ವಿದ್ಯೆಯೇ ತಮ್ಮನ್ನು ಮೋಕ್ಷದಿಂದ ಹೊರಗಿಟ್ಟಿತೆಂಬ ಅರಿವು ಅದು. ಇದನ್ನು ಅನ್ಯಧರ್ಮದ ಖಂಡನೆಗೆ ಸಾಧನವಾಗಿಸಿಕೊಳ್ಳುವವರು ಇಲ್ಲಿರುವ ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲ. ನನ್ನಂಥವಳಿಗೆ ದೇವರ ಬಳಿ ಸ್ಥಳವುಂಟೇ ಎಂಬ ಆ ಪ್ರಶ್ನೆಯನ್ನು ಯಾವ ಧರ್ಮಸಂಸ್ಥೆಯನ್ನೂ ಕೇಳಬಹುದು.

ಉತ್ತರದ ಮೊದಲ ಸುಳಿವು ದೊರೆತದ್ದು ಇಂಗ್ಲೆಂಡಿನಲ್ಲಿ. ಫುಲ್‌ಹ್ಯಾಮಿನಲ್ಲಿ ಆಂಗ್ಲಿಕನ್ ಕನ್ಯಾಸ್ತ್ರೀಯರು ‘ಪತಿತೆ’ಯರೆಂದು ಹೆಸರಾದವರನ್ನು ಪ್ರೀತಿಯಿಂದ ಉಪಚರಿಸುವುದನ್ನು ಕಂಡು ಅವರು ಕಾರಣ ಕೇಳಿದರು. ಆಗ ಒಬ್ಬ ಸಿಸ್ಟರ್ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಓದಿ ಹೇಳಿದರು. ಇಲ್ಲಿನ ಅನುಕ್ರಮ ಗಮನಾರ್ಹ: ಮೊದಲು ಸೇವೆ, ಅದರಿಂದ ಹುಟ್ಟಿದ ಪ್ರಶ್ನೆ, ಆಮೇಲೆ ಸುವಾರ್ತೆ. ಯೋಹಾನನ 4ನೆಯ ಅಧ್ಯಾಯದಲ್ಲಿಯೂ ಯೇಸು ಆಕೆಯಿಂದ ನೀರು ಬೇಡಿದ ಬಳಿಕವೇ ಬೋಧಿಸುತ್ತಾನೆ.

1883ರ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಜನಪ್ರಿಯ ಕಥನ ಇಲ್ಲಿಗೆ ಮುಗಿಯುತ್ತದೆ. ಲೇಖಕಿಯಾದರೋ, ಆಗ ತನಗೆ ದೊರೆತದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲ, ಅದನ್ನು ತಿಳಿಯಲು ಸುಮಾರು ಎಂಟು ವರ್ಷ ಬೇಕಾಯಿತು ಎನ್ನುತ್ತಾರೆ. ಕೃತಿಯ ದೈವಶಾಸ್ತ್ರೀಯ ತಿರುಳು ಈ ವ್ಯತ್ಯಾಸದಲ್ಲಿದೆ. ಸಭೆಯ ಸದಸ್ಯತ್ವ ದೊರೆತ ಮಾತ್ರಕ್ಕೆ ತಾನು ದೇವರ ಸ್ವಂತವಳೆಂಬ ಭರವಸೆ ಹುಟ್ಟಲಿಲ್ಲ. ಕೃಪೆಯನ್ನು ನಂಬಿಕೆಯಿಂದ ತನ್ನದಾಗಿ ಸ್ವೀಕರಿಸಿದಾಗ ಅದು ಹುಟ್ಟಿತು.

ಆ ಎಂಟು ವರ್ಷಗಳ ಕುರಿತು ಕೃತಿ ಹೇಳಬೇಕಾದುದೆಲ್ಲವನ್ನೂ ಹೇಳುವುದಿಲ್ಲ. ಇದು ಅದರ ಕೊರತೆ. 1977ರಲ್ಲಿ ಎ. ಬಿ. ಶಾಹ್ ಅವರ ಸಂಪಾದಕತ್ವದಲ್ಲಿ ಬಂದ ಪತ್ರವ್ಯವಹಾರವನ್ನು ಜೊತೆಗಿಟ್ಟು ಓದಿದರೆ ಮರೆಯಾದದ್ದು ಕಾಣುತ್ತದೆ. ತ್ರಿಯೇಕತ್ವದ ಬಗ್ಗೆ ಅವರು ಪ್ರಶ್ನೆಗಳನ್ನೆತ್ತಿದರು. ಸಭಾಧಿಕಾರಕ್ಕೆ ವಿಧೇಯತೆಯನ್ನು ಅಪೇಕ್ಷಿಸಿದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಪ್ರತಿಪಾದಿಸಿ ಬರೆದರು. ಪುರುಷ ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವುದಕ್ಕೆ ಬಿಷಪರಿಂದ ಆಕ್ಷೇಪಣೆ ಬಂತು. ಆಶ್ರಯ ಕೊಟ್ಟ ಮನೆಯೂ ಅವರಿಗೆ ಗಡಿಗಳನ್ನು ಹಾಕಿತ್ತು. ಸಾಕ್ಷ್ಯವು ಈ ಗಾಯವನ್ನು ಬಹುಮಟ್ಟಿಗೆ ಮೌನವಾಗಿ ದಾಟುವುದರಿಂದಲೇ ಸಭೆಯನ್ನು ಹೊಗಳುವ ಕಥೆಯಾಗಿ ಅದನ್ನು ಬಳಸುವುದು ಸುಲಭವಾಗಿದೆ.

ಆದರೂ ಕೃತಿಯ ಉತ್ತರಾರ್ಧಕ್ಕೆ ಬಲವಿದೆ. 1896–97ರ ಕ್ಷಾಮ ಬಂದಾಗ, ಹಿಂದೊಮ್ಮೆ ತಾವೇ ಹಸಿದಿದ್ದ ರಮಾಬಾಯಿಯವರು ಮಧ್ಯಪ್ರಾಂತದಿಂದ ಅನಾಥ ಬಾಲಕಿಯರನ್ನೂ ಸ್ತ್ರೀಯರನ್ನೂ ಕರೆತಂದು ಸಲಹಿದರು. ಕೇಡಗಾಂವದ ಮುಕ್ತಿ ಬೆಳೆದದ್ದು ಹೀಗೆ. ಕ್ರಿಸ್ತನಲ್ಲಿ ತಮಗೆ ದೊರೆತ ಸ್ಥಳವನ್ನು ಅವರು ಇತರರೊಡನೆ ಹಂಚಿಕೊಂಡರು.

ಜಾತಿಯ ನೆನಪು ಇನ್ನೂ ಅಳಿಯದ ನಮ್ಮ ಸಭೆಗಳಲ್ಲಿ ಹೊಸಬರ ಹೆಸರು ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಸೇರಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ಸುಲಭ. ಅವರು ಪ್ರಶ್ನೆ ಕೇಳಿದಾಗ ಕೃತಘ್ನರೆಂದು ತಿಳಿಯುವುದು ಇನ್ನೂ ಸುಲಭ. ಈ ಕೃತಿಯನ್ನೂ ಪತ್ರಗಳನ್ನೂ ಒಟ್ಟಿಗೆ ಓದಿದ ಸಭಾಪಾಲಕನು ಆ ಪ್ರಶ್ನೆಗಳಿಗೆ ಕಿವಿಗೊಡುವನು. ಎಂಟು ವರ್ಷ ಬೇಕಾದರೆ ಎಂಟು ವರ್ಷವೂ ಅವರ ಜೊತೆಗಿರುವನು.